ಶೀಟಿನ ಮೇಲೆ ಹೆಂಚು

ನನ್ನ ಅಕ್ಕ ಈಗ ಸತ್ಯಮಂಗಲದ ತನ್ನ ಮನೆಯಲ್ಲಿ ಏಸಿ ಹಾಕಿಕೊಂಡು, ಮೇಲೊಂದು ಕಂಬಳಿಯನ್ನೂ ಹೊದ್ದು ಕೂರುತ್ತಾಳೆ. ನಾನು ಹೋದಾಗಲೆಲ್ಲ ಮೂಗು ಮುರಿಯುತ್ತೇನೆ. ಆದರೂ ಆ ತಂಪಿನಲ್ಲಿ ಕೂತರೆ ನೆನಪಾಗುವುದು ಪಣಕಹಳ್ಳಿಯ ನಮ್ಮ ಮನೆಯ ಒಂದು ಬೇಸಿಗೆ.

ತೊಂಬತ್ತರ ದಶಕದ ನಡುವಿನ ಮಾತು. ಅಕ್ಕನ ಮದುವೆಗೆ ಮುಂಚೆ ಅಪ್ಪ ನಾಡಹೆಂಚನ್ನೆಲ್ಲ ಇಳಿಸಿ ಸಿಮೆಂಟ್ ಶೀಟು ಹಾಕಿಸಿದ್ದರು. ಬೀಗರ ಕಣ್ಣಿಗೆ ಮನೆ ಹೊಸದಾಗಿ ಕಾಣಬೇಕಿತ್ತು. ಕಂಡಿತು. ಮಧ್ಯಾಹ್ನ ಅದರಡಿ ಕೂರುವುದಕ್ಕಿಂತ ಹುಣಸೆ ಮರದಡಿ ಕೂರುವುದೇ ವಾಸಿ ಎಂದು ಗೊತ್ತಾದದ್ದು ಬೇಸಿಗೆ ಬಂದಾಗ. ಅವ್ವ ಗೊಣಗಿದರೆ ಅಪ್ಪ, "ಬೆಟ್ಟದ ಮ್ಯಾಲೆ ಎಂತಾ ಸೆಕೆ? ಸೆಕೆ ಇರೋದು ಕೆಳಗ್ಲೋರಿಗೆ" ಎನ್ನುತ್ತಿದ್ದರು. ದಿಂಬಂ ಘಾಟಿ ಇಳಿದವರೆಲ್ಲ ಬೇಯುತ್ತಾರೆ ಎಂಬುದು ಅವರ ಗಟ್ಟಿ ನಂಬಿಕೆ.

ಮರುವರ್ಷದ ಬೇಸಿಗೆಗೆ ಅಕ್ಕ ಚೊಚ್ಚಲ ಹೆರಿಗೆಗೆಂದು ಬಂದಳು. ವಾರದೊಳಗೆ ಅವಳ ಮೈತುಂಬ ಬೆವರುಸಾಲೆ. ನೋಡಲು ಬಂದ ಬಾವ ಒಳಗೆ ಕಾಲಿಟ್ಟವರೇ ಅಂಗಿಯ ಗುಂಡಿ ಬಿಚ್ಚಿದರು. "ಮಾವ, ನಮ್ಮನೇಲಿ ಏಸಿ ರೂಮಿದೆ. ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದರು. ಬೆಟ್ಟದ ಕೆಳಗಿನ ಸತ್ಯಮಂಗಲದಂಥ ಕೆಂಡದ ಊರಿನಿಂದ ಬಂದವರು ನಮ್ಮ ಬೆಟ್ಟದ ಮನೆಯನ್ನು ಸೆಕೆ ಅನ್ನುವುದೇ! ನನಗೆ ಮೈಯೆಲ್ಲ ಉರಿಯಿತು. ಅಪ್ಪನ ಮುಖ ಸಣ್ಣದಾಯಿತು. ಮೊದಲ ಹೆರಿಗೆ ತವರಲ್ಲಿ ಆಗದಿದ್ದರೆ ಅವರು ಊರಲ್ಲಿ ತಲೆ ಎತ್ತುವವರಲ್ಲ.

ಮಾರನೆಯ ಬೆಳಿಗ್ಗೆ ಅಪ್ಪ ಹಿತ್ತಲಲ್ಲಿ ಪೇರಿಸಿಟ್ಟಿದ್ದ ಹಳೆಯ ಹೆಂಚನ್ನು ಹೊತ್ತು ಏಣಿ ಹತ್ತಿದರು. ಅಷ್ಟು ಆಸೆಯಿಂದ ಹಾಕಿಸಿದ ಶೀಟು ತೆಗೆಯಲು ಮನಸ್ಸಿಲ್ಲ. ಅದರ ಮೇಲೆಯೇ ಹೊದಿಸತೊಡಗಿದರು. ಕೆಳಗಿನಿಂದ ಬುಟ್ಟಿಗೆ ತುಂಬಿ ಕೊಡುತ್ತಿದ್ದವಳು ನಾನು. ದಾರಿಹೋಕರೊಬ್ಬರು, "ಏನಣ್ಣ, ಅಟ್ಟಿಗೆ ಎಲ್ಡು ಟೋಪಿ ಆಕ್ತಿದ್ದೀಯ?" ಎಂದು ಮನೆಯ ಮಾಡು ನೋಡಿ ನಕ್ಕರು. ಅಪ್ಪ ತಿರುಗಿ ನೋಡಲಿಲ್ಲ. ಮೂರು ದಿನ ಬಿಸಿಲಲ್ಲಿ ನಿಂತು ಮುಗಿಸಿದರು.

ಭಾನುವಾರ ಬಾವ ಬಂದಾಗ ಅಕ್ಕ ಮೈತುಂಬ ಸೆರಗು ಹೊದ್ದು ಕೂತಿದ್ದಳು. "ಈಗ ತಣ್ಣಗದೆ. ಸಂಜೆಗೆ ಚಳಿ ಅಂದ್ರೆ ಚಳಿ. ನಾ ಎಲ್ಗೂ ಬರಾಕಿಲ್ಲ" ಎಂದಳು. ಬಾಗಿಲಲ್ಲಿದ್ದ ಅಪ್ಪ ಅಳಿಯಂದಿರಿಗೆ ಕಾಫಿ ತರುವಂತೆ ಅವ್ವನನ್ನು ಜೋರಾಗಿ ಕೂಗಿದರು. ಹೆರಿಗೆ ತವರಲ್ಲೇ ಆಯಿತು. ಅಪ್ಪ ಇರುವವರೆಗೂ ಆ ಹೆಂಚು ಇಳಿಯಲಿಲ್ಲ.

ಹೋದ ಬೇಸಿಗೆಯಲ್ಲಿ ಏಸಿಯಡಿ ಕೂತು ಅಕ್ಕನಿಗೆ, "ಅಪ್ಪ ಆಕಿದ ಎಂಚಿನ ತಂಪು ಇದ್ಕೆಲ್ಲಿ ಬಂದದು?" ಎಂದೆ.

ಅಕ್ಕ ಕಂಬಳಿ ಎಳೆದುಕೊಂಡಳು. "ಯಾವ ತಂಪು? ಬೆಂದೋಗಿದ್ದೆ ಕಣೆ. ಅವತ್ತು ಸೆರಗು ಒದ್ಕೊಂಡಿದ್ದು ಬೆವರುಸಾಲೆ ಕಾಣ್ದಿರ್ಲಿ ಅಂತ. ಅಪ್ಪನ ಅಂಗೈ ನೋಡಿದ್ಯಾ ನೀನು? ಎಂಚು ಇಡ್ದು ಇಡ್ದು ಚರ್ಮವೆಲ್ಲಾ ಕಿತ್ತೋಗಿತ್ತು."

ಮೂರು ದಿನ ಆ ಕೈಗೆ ಹೆಂಚು ಕೊಟ್ಟವಳು ನಾನು. ನಾನು ನೋಡಿರಲಿಲ್ಲ.