ಮೂರನೇ ದಿನದ ಮದ್ದು

ನಾನು ಶಾಲೆ ಬಿಟ್ಟದ್ದು ೧೯೮೯ರಲ್ಲಿ, ಏಳನೇ ಕ್ಲಾಸಿನ ಅರ್ಧದಲ್ಲಿ. ಅಲ್ಲಿಂದ ಚೀಲ ಹೊತ್ತೆ, ಚೀಲ ಹೊಲಿದೆ, ಆಮೇಲೆ ಸರಗೂರಿನಲ್ಲಿ ಸ್ವಂತ ಅಂಗಡಿಯಿಟ್ಟು ರಾಗಿ, ಮುಸುಕಿನ ಜೋಳ ಕೊಳ್ಳುವವನಾದೆ. ಚೀಲದ ಬಾಯಿ ಬಿಚ್ಚದೆ, ಚೂಪು ಮೊನೆಯ ಕಬ್ಬಿಣದ ಕೊಳವೆ ಚುಚ್ಚಿ ಒಳಗಿನ ಕಾಳು ತೆಗೆದು, ಹಲ್ಲಲ್ಲಿ ಕಡಿದು, ಒಣಗಿದೆಯೋ ಇಲ್ಲವೋ ಹೇಳುತ್ತೇನೆ. ನನ್ನ ಮಾತು ತಪ್ಪಾಯಿತೆಂದು ಯಾರೂ ಚೀಲ ವಾಪಸು ತಂದದ್ದಿಲ್ಲ.

ಹೋದ ವರ್ಷ ದಿನಾ ಸಂಜೆ ಜ್ವರ ಬರತೊಡಗಿತು. ಬೆಲ್ಟಿಗೆ ಎರಡು ತೂತು ಹೊಸದಾಗಿ ಕೊರೆಯಬೇಕಾಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಲಿವರಿನ ಎಡಭಾಗದಲ್ಲಿ ಗಡ್ಡೆಯಿದೆ ಎಂದರು. ಕ್ಯಾನ್ಸರೋ ಬೇರೆಯೋ, ಚಿತ್ರ ನೋಡಿ ಹೇಳುವಂತಿರಲಿಲ್ಲ. ಡಾಕ್ಟರಮ್ಮ ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಗಡ್ಡೆ ಜಠರದ ಗೋಡೆಗೆ ಹತ್ತಿರವಿದೆ. ಬಾಯಿಂದ ಒಂದು ಕೊಳವೆ ಇಳಿಸುತ್ತಾರೆ, ಅದರ ತುದಿಯಲ್ಲೇ ಸ್ಕ್ಯಾನ್ ಇರುತ್ತದೆ. ಅದು ತೋರಿಸಿದ ಜಾಗಕ್ಕೆ ಜಠರದ ಒಳಗಿನಿಂದ ಸೂಜಿ ತೂರಿಸಿ ಚೂರು ತೆಗೆಯುತ್ತಾರೆ.

"ಮತ್ತು ಬರೋ ಇಂಜೆಕ್ಷನ್ ಕೊಡ್ತೀವಿ. ರಾತ್ರಿ ಊಟ ಆದ್ಮೇಲೆ ಹೊಟ್ಟೆಗೆ ಏನೂ ಬೇಡ," ಎಂದರು.

ಅರ್ಥವಾಯಿತು. ಇಷ್ಟು ವರ್ಷ ನಾನು ಮಾಡಿದ್ದೂ ಕೊಳವೆ ಚುಚ್ಚಿ ಒಳಗಿನದ್ದು ತೆಗೆಯುವುದನ್ನೇ. ಚೀಲದ ಜಾಗದಲ್ಲಿ ನಾನು ಇರಲಿಲ್ಲ, ಅಷ್ಟೆ.

ಲಿವರ್ ಎಂದರೆ ನಮ್ಮ ಕಡೆ ಕಾಮಾಲೆ ಎಂದೇ ತಿಳಿಯುವುದು. ನನ್ನ ಹೆಂಡತಿ ಅಂತರಸಂತೆ ಕಡೆಯ ಒಬ್ಬ ಅಜ್ಜಿಯಿಂದ ಬೇರು ತಂದಳು. ಮೇಕೆ ಹಾಲಿನಲ್ಲಿ ಅರೆದು ಮೂರು ದಿನ, ಹೊತ್ತು ಹುಟ್ಟುವ ಮುಂಚೆ, ಬರೀ ಹೊಟ್ಟೆಯಲ್ಲಿ ಕುಡಿಯಬೇಕು. ಯಾರಿಗೂ ಹೇಳಬಾರದು, ಹೇಳಿದರೆ ಮದ್ದು ಹಿಡಿಯುವುದಿಲ್ಲ. ಮೂರನೇ ದಿನ ಸರಿಯಾಗಿ ಆಸ್ಪತ್ರೆಗೆ ಹೋಗುವ ದಿನವೇ ಬಿತ್ತು.

"ಏನೂ ಕುಡೀಬಾರ್ದು ಅಂದವ್ರೆ," ಎಂದೆ.

"ಮದ್ದೇನು ಊಟವಾ? ಇವತ್ತು ಬುಟ್ರೆ ಎಲ್ಡ್ ದಿನದ್ದೂ ನೀರ್‌ಪಾಲು ಕಣ್ರೀ. ಒಂದ್ ಗುಟುಕು."

ಕುಡಿದೆ. ಒಂದು ಗುಟುಕಲ್ಲ, ಒಂದು ಲೋಟ.

ಆಸ್ಪತ್ರೆಯಲ್ಲಿ ನರ್ಸ್ ಕೇಳಿದಳು, "ಬೆಳಿಗ್ಗೆಯಿಂದ ಏನಾದ್ರೂ ತಗೊಂಡಿದ್ದೀರಾ?"

"ಏನೂ ಇಲ್ಲಮ್ಮ."

ಪಕ್ಕದ ಹಾಸಿಗೆಯಲ್ಲಿ ಕೆ.ಆರ್. ನಗರದವನೊಬ್ಬ ಇದ್ದ. "ಮಿಲ್ಲಿಗೆ ಬಂದ ಭತ್ತದ್ ಚೀಲದಂಗೆ ಸಾಲಾಗ್ ಮಲಗ್ಸವ್ರೆ ನೋಡಣ್ಣ," ಎಂದ. ನಗಬೇಕೆಂದರೆ ತೇಗು ಬಂತು. ಮೇಕೆ ಹಾಲಿನ ವಾಸನೆ. ಹೇಳಿದರೆ ಮದ್ದು ಕೆಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಇಂಥ ವಯಸ್ಸಿನಲ್ಲಿ ನರ್ಸಿಗೆ ಸುಳ್ಳು ಹೇಳಿದವನೆನಿಸಿಕೊಳ್ಳಬೇಕು. ಗೋಡೆಯ ಗಡಿಯಾರ ನೋಡುತ್ತಾ ಮಲಗಿದೆ. ಹಸಿ ಕಾಳಿನ ಮೇಲೆ ಒಂದು ಪದರ ಒಣ ಕಾಳು ಹರಡಿ ತರುವವರನ್ನು ಅಂಗಡಿಯ ಮುಂದೆ ನಿಲ್ಲಿಸಿ ಎಷ್ಟು ಸಲ ಬೈದಿದ್ದೇನೆ. ನನ್ನ ಹೆಸರು ಕೂಗಿದಾಗ ಎದ್ದು ಕೂತು ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ.

ಅವರು ಬೈಯಲಿಲ್ಲ. "ಮತ್ತಿನಲ್ಲಿ ಹಾಲು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದಿದ್ರೆ ಕಷ್ಟ ಆಗೋದು. ಬೇರಿನ ಮದ್ದು ನಿಲ್ಲಿಸಿ, ಲಿವರಿಗೇ ಪೆಟ್ಟು ಬೀಳಬಹುದು. ನಾಡಿದ್ದು ಬನ್ನಿ," ಎಂದರು.

ಬಸ್ಸು ಹ್ಯಾಂಡ್‌ಪೋಸ್ಟ್ ದಾಟಿ ಊರಿನ ದಾರಿ ಹಿಡಿಯಿತು. "ನಾನೇ ಕೆಡಿಸ್ದೆ," ಎಂದಳು ಹೆಂಡತಿ.

"ಬಾಯಿ ತೆಗ್ದೋನು ನಾನು. ಸುಮ್ಕಿರು."

ಆ ಎರಡು ದಿನ ಅವಳು ಅಡುಗೆಮನೆಯಲ್ಲಿ ಏನು ಮಾಡಿದರೂ ಮೊದಲು ನನ್ನನ್ನು ಕೇಳುತ್ತಿದ್ದಳು. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

ಹೇಳಿದ ದಿನ ಮತ್ತೆ ಆಸ್ಪತ್ರೆಗೆ ಹೋದಾಗ ಗಂಟಲಿಗೆ ಕಹಿ ಔಷಧಿ ಸಿಂಪಡಿಸಿ, ಎಡ ಮಗ್ಗುಲಿಗೆ ಮಲಗಿಸಿದರು. ಎಚ್ಚರವಾದಾಗ ಗಂಟಲು ನೋಯುತ್ತಿತ್ತು, ಕೆಲಸ ಮುಗಿದಿತ್ತು. ವರದಿಗೆ ಎಂಟು ದಿನ ಎಂದರು. ಆ ಎಂಟು ದಿನವೂ ಅಂಗಡಿ ತೆರೆದೆ, ಚೀಲಕ್ಕೆ ಮಾತ್ರ ಕೊಳವೆ ಚುಚ್ಚಲಿಲ್ಲ. ಬಾಯಿ ಬಿಚ್ಚಿಸಿ, ಕೈ ಹಾಕಿ ನೋಡಿದೆ.

"ಏನ್ ಸಾವ್ಕಾರ್ರೆ, ಹಲ್ ಬಿದ್ದೋದ್ವಾ?" ಎಂದು ರಾಗಿ ತಂದವನೊಬ್ಬ ಕೇಳಿದ. ಮುಂದಿನ ಚೀಲ ಬಿಚ್ಚು ಎಂದೆ.

ವರದಿಯಲ್ಲಿ ಬಂದದ್ದು ಟಿ.ಬಿ. ಲಿವರಿನಲ್ಲೂ ಬರುತ್ತದಂತೆ. "ಕ್ಯಾನ್ಸರ್ ಅಲ್ವಾ?" ಎಂದು ಎರಡು ಸಲ ಕೇಳಿದೆ. ಎರಡು ಸಲವೂ "ಅಲ್ಲ" ಎಂದರು. ಮಾತ್ರೆ ಒಂದು ದಿನವೂ ತಪ್ಪಬಾರದು, ಮಧ್ಯೆ ಮಧ್ಯೆ ರಕ್ತ ಪರೀಕ್ಷೆ, ಕೊನೆಗೆ ಮತ್ತೆ ಸ್ಕ್ಯಾನ್. ಈಗ ಮಾತ್ರೆ ಎಣಿಸಿ ಕೊಡುವವಳು ಹೆಂಡತಿ. ನುಂಗಿದ ಮೇಲೂ ಬಾಯಿ ತೆರೆಸಿ ನೋಡುತ್ತಾಳೆ.

ಇವತ್ತಿಗೆ ನನ್ನಲ್ಲಿರುವುದು ಒಂದು ಅಂಗಡಿ, ಒಂದು ತಕ್ಕಡಿ, ಒಂದು ಕಬ್ಬಿಣದ ಕೊಳವೆ, ಹೆಂಡತಿ, ಮದುವೆಯಾದ ಒಬ್ಬ ಮಗಳು, ಮೊದಲಿಗಿಂತ ಚಿಕ್ಕದಾಗಿರಬೇಕಾದ ಒಂದು ಗಡ್ಡೆ, ಮತ್ತು ಇನ್ನು ನುಂಗಬೇಕಾದ ನಲವತ್ತೊಂದು ದಿನದ ಮಾತ್ರೆ.