ತೊಟ್ಟಿಲ ಹಾಡಿಗೆ ರಾಗ ಹಾಕಿದ್ದು

ಹಾಡಿಗೆ ರಾಗ ಹಾಕುವವನು ಎಂದು ಹೇಳಿಕೊಂಡು ನಲವತ್ತು ವರ್ಷ ಜೇವರ್ಗಿಯಲ್ಲಿ ಓಡಾಡಿದ್ದೇನೆ. ಆದರೆ ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಕೂತು ಕಲಿಸದೆ, ಯಾರೂ ಒತ್ತಾಯ ಮಾಡದೆ, ಒಬ್ಬರಾದರೂ ನನ್ನ ಧಾಟಿಯನ್ನು ತಾವಾಗಿ ಹಾಡಿದ್ದನ್ನು ನಾನು ಬಹಳ ವರ್ಷ ಕೇಳಿರಲಿಲ್ಲ. ಶಾಲೆಯ ಸಂಗೀತ ಮಾಸ್ತರನಾಗಿ ಕಟ್ಟಿದ ಸ್ವಾಗತ ಗೀತೆಗಳಿಗೆ ಲೆಕ್ಕವಿಲ್ಲ. ಅತಿಥಿಗಳು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಅವು ಮುಗಿಯುತ್ತವೆ, ಅವರು ಏಳುವ ಹೊತ್ತಿಗೆ ಹಾಡಿದ ಮಕ್ಕಳಿಗೇ ಮರೆತಿರುತ್ತವೆ. ಸ್ವರಲಿಪಿ ಬರೆದಿಟ್ಟ ವಹಿಗಳು ಮಾತ್ರ ಅಟ್ಟದ ಮೇಲಿವೆ. ನನಗೆ ದೊಡ್ಡ ಆಸೆಯೇನೂ ಇರಲಿಲ್ಲ. ಒಂದೇ ಒಂದು ಧಾಟಿ ಜನರ ಬಾಯಲ್ಲಿ ಉಳಿಯಬೇಕು, ಅಷ್ಟೇ. ಈ ಆಸೆಯನ್ನು ಹೆಂಡತಿಗೂ ಹೇಳಿರಲಿಲ್ಲ. ಹೇಳಿದ್ದರೆ, ಮೊದಲು ಅಟ್ಟ ಖಾಲಿ ಮಾಡಿ ಎನ್ನುತ್ತಿದ್ದಳು.

ನಮ್ಮ ಕಡೆ ಹೊಸ ಧಾಟಿ ಕೇಳಿಕೊಂಡು ಬರುವವರು ಕಡಿಮೆ. ಹಾಡು ಬರೆದು ತರುತ್ತಾರೆ, ಯಾವ ಹಳೆಯ ಧಾಟಿಗೆ ಕೂರುತ್ತದೆ ನೋಡಿ ಎನ್ನುತ್ತಾರೆ. ದರ್ಜಿಯ ಬಳಿ ಹಳೇ ಅಂಗಿ ಕೊಟ್ಟು ಇದೇ ಅಳತೆಗೆ ಹೊಲಿ ಎಂದಂತೆ. ತಪ್ಪೇನಿಲ್ಲ, ಎಲ್ಲರಿಗೂ ಬರುವ ಧಾಟಿಯಾದರೆ ಕಲಿಸುವ ತಾಪತ್ರಯ ತಪ್ಪುತ್ತದೆ. ಆದರೆ ರಾಗ ಹಾಕುವವನಿಗೆ ಹೊಟ್ಟೆಯೊಳಗೆ ಸಣ್ಣ ಉರಿ ಇದ್ದೇ ಇರುತ್ತದೆ. ನಾವು ಹಾರ್ಮೋನಿಯಮ್ಮಿಗೆ ಪೇಟಿ ಎನ್ನುತ್ತೇವೆ. ಅದರಲ್ಲಿ ಸಾ ಇಂದ ಸಾ ವರೆಗೆ ಇರುವ ಸ್ವರಗಳು ಹನ್ನೆರಡೇ. ಹೊಸ ಸ್ವರವನ್ನು ಯಾರೂ ತರಲಾರರು. ಯಾವ ಸ್ವರದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು, ಯಾವುದನ್ನು ಮುಟ್ಟಿಯೂ ಮುಟ್ಟದಂತೆ ದಾಟಬೇಕು ಎಂಬುದರಲ್ಲೇ ನಮ್ಮ ಜಾಣತನವೆಲ್ಲ ಖರ್ಚಾಗುತ್ತದೆ.

ಮಗಳ ಮೊದಲ ಬಾಣಂತನ ರೂಢಿಯಂತೆ ನಮ್ಮ ಮನೆಯಲ್ಲಾಯಿತು. ಮೊಮ್ಮಗಳಿಗೆ ಮಲ್ಲಿಕಾ ಎಂದು ಹೆಸರಿಡುವುದೆಂದು ನಿಶ್ಚಯವಾಯಿತು. ತೊಟ್ಟಿಲಿಗೆ ಹಾಕುವ ದಿನಕ್ಕೆ ಹೆಂಡತಿ ನಾಲ್ಕು ಸಾಲು ಹಾಡು ಬರೆದಳು. ಪ್ರತಿ ಸಾಲಿನ ಕೊನೆಗೂ ಕೂಸಿನ ಹೆಸರು: ‘ಊರೆಲ್ಲ ಬಂದು ತೂಗ್ಯಾರ, ಕೇಳ ಮಲ್ಲಿಕಾ’. ನನ್ನ ಜಾಣತನಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಸಿಗುವಂತಿರಲಿಲ್ಲ. ಶುದ್ಧ ಸಾರಂಗ ಆರಿಸಿದೆ. ಅದು ನಡುಮಧ್ಯಾಹ್ನದ ರಾಗ, ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ್ದು. ಅದರಲ್ಲಿ ಮಧ್ಯಮ ಸ್ವರ ಎರಡು ಬಗೆಯಲ್ಲಿ ಬರುತ್ತದೆ, ಒಂದು ತೀವ್ರ, ಇನ್ನೊಂದು ಶುದ್ಧ. ‘ಮಲ್’ ಅನ್ನು ಪಂಚಮದ ಮೇಲಿಟ್ಟೆ, ‘ಲಿ’ಯನ್ನು ತೀವ್ರ ಮಧ್ಯಮಕ್ಕೆ ಇಳಿಸಿದೆ, ‘ಕಾ’ವನ್ನು ಶುದ್ಧ ಮಧ್ಯಮಕ್ಕೆ ಜಾರಿಸಿದೆ. ಆ ಮೂರು ಅಕ್ಷರಕ್ಕೆ ಎಂಟು ದಿನ ಹಿಡಿಯಿತು. ಇದೊಂದು ಉಳಿದೇ ಉಳಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಮೊದಲು ಕೇಳಿದವನು ಖಾಜಾಸಾಬ. ನನ್ನ ಜೊತೆ ತಬಲಾ ಹಿಡಿದು ಮುಪ್ಪಾದವನು. ಕಣ್ಣು ಮುಚ್ಚಿ ಕೇಳಿದ, ಎರಡು ಸಲ ವಾಹ್ ಎಂದ. ಆಮೇಲೆ ಮಲ್ಲಿಕಾ ಇದ್ದ ಕಡೆ ತನ್ನ ಮೊಮ್ಮಗಳು ರುಖಿಯಾಬೇಗಂಳ ಹೆಸರನ್ನು ತುರುಕಿ ನೋಡಿದ. ಹೆಸರು ಎಡವಿ ಬಿತ್ತು.

“ಚಂದ ಅದ ಮಾಸ್ತರ್,” ಎಂದ. “ಆದ್ರ ಈ ಹಾಡು ಒಂದೇ ಕೂಸಿಗೆ ಮುಗೀತಲ್ರಿ.”

ನನಗೆ ಸಿಟ್ಟು ಬಂತು. ತಬಲಾದವರಿಗೆ ಮಾತ್ರೆ ಎಣಿಸುವುದು ಬಿಟ್ಟರೆ ಇನ್ನೇನು ಗೊತ್ತು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ತೊಟ್ಟಿಲ ದಿನ ಆಳಂದದಿಂದ ಬೀಗರ ಮನೆಯ ಹೆಂಗಸರು ಬಂದರು. ನನ್ನ ಹೆಂಡತಿ ಕಲಿಸಿದಂತೆ ನಾಲ್ಕಾರು ಸಲ ಹಾಡಿದರು, ಬೇಯಿಸಿದ ಕಾಳಿನ ಗುಗ್ಗರಿ ಕಟ್ಟಿಸಿಕೊಂಡು ಬಸ್ ಹತ್ತಿದರು. ಅಲ್ಲಿಗೆ ಮುಗಿಯಿತು. ಮಲ್ಲಿಕಾ ಈಗ ಎರಡನೇ ಇಯತ್ತೆ. ಆ ಹಾಡನ್ನು ಅವಳೂ ಹಾಡುವುದಿಲ್ಲ, ಮೊಬೈಲಿನಲ್ಲಿ ಬರುವುದನ್ನು ಹಾಡುತ್ತಾಳೆ.

ಹೋದ ಚಳಿಗಾಲದಲ್ಲಿ ಅಫಜಲಪುರ ತಾಲೂಕಿನ ಹವಳಗಾಕ್ಕೆ ಹೋಗಿದ್ದೆ. ಅಲ್ಲಿನ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹಳೆಯ ಶಿಷ್ಯನೊಬ್ಬ ತನ್ನ ಮಗನ ತೊಟ್ಟಿಲಿಗೆ ಕರೆದಿದ್ದ. ಗಂಡಸರೆಲ್ಲ ಪಡಸಾಲೆಯಲ್ಲಿ ಕಬ್ಬಿನ ಮಾತಾಡುತ್ತ ಕೂತಿದ್ದೆವು. ಒಳಗೆ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು, ಉಳಿದವರು ನಗುತ್ತ ಅವಳ ಬೆನ್ನಿಗೆ ಗುದ್ದಿದರು. ಹೆಸರು ಚನ್ನಬಸವ. ಆಮೇಲೆ ಹಾಡು ಸುರುವಾಯಿತು. ‘ಊರೆಲ್ಲ ಬಂದು ತೂಗ್ಯಾರ’ ಎಂದು ಕೇಳಿದೊಡನೆ ಕಬ್ಬಿನ ಮಾತು ಬಿಟ್ಟು ಒಳಬಾಗಿಲ ಕಡೆ ಕಿವಿ ಕೊಟ್ಟೆ.

ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಮರುಕ್ಷಣವೇ ಭಯವಾಯಿತು. ಚನ್ನಬಸವನಿಗೆ ಐದಕ್ಷರ, ನನ್ನ ಧಾಟಿಯಲ್ಲಿ ಇದ್ದದ್ದು ಮೂರಕ್ಕೆ ಮಾತ್ರ ಎಡೆ. ಹೆಂಗಸರು ಆ ಕಡೆಗೆ ಬಂದರು, ಪಂಚಮದ ಮೇಲೆ ಹಾಯಾಗಿ ನಿಂತರು, ಐದೂ ಅಕ್ಷರ ಹೇಳಿ ಮುಗಿಸಿದರು, ನೇರ ಷಡ್ಜಕ್ಕೆ ಇಳಿದರು. ತೀವ್ರವೂ ಇಲ್ಲ, ಶುದ್ಧವೂ ಇಲ್ಲ. ನನ್ನ ಎಂಟು ದಿನವನ್ನು ಅಕ್ಕಿಯೊಳಗಿನ ಕಲ್ಲು ಆರಿಸಿದಂತೆ ಆರಿಸಿ ಒಗೆದಿದ್ದರು. ಹೆಂಡತಿಯ ಮಾತುಗಳಲ್ಲಿ ಮಾತ್ರ ಒಂದಕ್ಷರವೂ ಆಚೀಚೆ ಆಗಿರಲಿಲ್ಲ. ಅದು ಇನ್ನಷ್ಟು ಉರಿಸಿತು.

ಊಟವಾದ ಮೇಲೂ ಸಮಾಧಾನವಾಗಲಿಲ್ಲ. ಮುಂದಾಳಾಗಿ ಹಾಡಿದ್ದವಳು ಶಿಷ್ಯನ ತಾಯಿ ಗೌರಮ್ಮ. ಅವಳನ್ನು ಕರೆದು, ಈ ಧಾಟಿ ಯಾರದು ಎಂದು ಕೇಳಿದೆ. ಆಳಂದ ಕಡೆಯ ಸೊಸೆಯೊಬ್ಬಳು ತಂದಳೆಂದೂ, ಅಲ್ಲಿ ಅದು ಅಜ್ಜಿ ಮುತ್ತಜ್ಜಿಯರ ಕಾಲದಿಂದ ಇದೆಯೆಂದೂ ಹೇಳಿದಳು. ಏಳೇ ವರ್ಷದಲ್ಲಿ ನಾನು ಮುತ್ತಜ್ಜಿಯಾಗಿದ್ದೆ. ಶಿಷ್ಯನ ಪೇಟಿ ತರಿಸಿ, ಕೊನೆಗೆ ಹೀಗೆ ಹಾಡಬೇಕು ಎಂದು ಎರಡೂ ಮಧ್ಯಮ ಹಚ್ಚಿ ತೋರಿಸಿದೆ. ಗೌರಮ್ಮ ಗೌರವದಿಂದ ಕೇಳಿದಳು, ಆಮೇಲೆ ಮೆಲ್ಲಗೆ ತಲೆಯಾಡಿಸಿದಳು.

“ಛಲೋ ಬಾರಿಸ್ತೀರಿ. ಆದ್ರ ಅಲ್ಲಿ ಕೂಸಿನ ಹೆಸರು ಬರ್ತದ್ರಿ, ಮಾಸ್ತರ್. ಅಲ್ಲಿ ಬ್ಯಾರೆ ಏನೂ ಇಡಬಾರ್ದು.”

ಆ ಜಾಗದಲ್ಲಿ ನಾನು ಇಟ್ಟಿದ್ದು ಮೊಮ್ಮಗಳ ಹೆಸರಲ್ಲ, ನನ್ನ ಹೆಸರು. ಅದು ಆಗ ಹೊಳೆಯಿತು. ಧಾಟಿ ನನ್ನದೆಂದು ಹೇಳಲು ತೆರೆದ ಬಾಯಿ ಮುಚ್ಚಿಕೊಂಡೆ, ಇನ್ನೊಮ್ಮೆ ಹಾಡಿರಿ ಎಂದೆ. ಅವರು ಹಾಡಿದರು, ನಾನು ಬಾರಿಸಿದೆ. ಹೆಸರು ಬಂದಾಗ ಪಂಚಮದ ಮೇಲೆ ಬೆರಳಿಟ್ಟವನು, ಚನ್ನಬಸವ ಪೂರ್ತಿ ಮುಗಿಯುವವರೆಗೆ ಕದಲಿಸಲಿಲ್ಲ.