ಟಣ್ಣಕ್ಕ ಕೊಂಡ ಗೇರ್ ಸೈಕಲ್

ಪಿಂಗಾಣಿ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಟಣ್ಣಕ್ಕ ಎಂದೇ ಕರೆಯುವುದು. ಭಟ್ಟಿಯಿಂದ ಹೊರಬಂದ ಕಪ್‌ಗಳು ಮೊದಲು ಅವಳ ಮೇಜಿಗೆ ಬರುತ್ತವೆ. ಪುಟ್ಟ ಮರದ ಕಡ್ಡಿಯಿಂದ ಒಂದೊಂದರ ಅಂಚಿಗೂ ಒಂದೊಂದು ಏಟು ಕೊಡುತ್ತಾಳೆ. ಟಣ್ ಎಂದರೆ ಬಲಗಡೆಯ ಹಲಗೆಗೆ, ಡಬ್ ಎಂದರೆ ಎಡಗಡೆಯ ಬುಟ್ಟಿಗೆ. ಒಳಗೆಲ್ಲೋ ಕೂದಲೆಳೆಯಷ್ಟು ಬಿರುಕಿದ್ದರೂ ಕಪ್ ಡಬ್ ಎನ್ನುತ್ತದೆ, ಕಣ್ಣಿಗೆ ಎಷ್ಟೇ ಚೆಂದ ಕಂಡರೂ ಸರಿಯೇ. ವರ್ಷಗಟ್ಟಲೆ ಇದನ್ನೇ ಮಾಡಿ ಮಾಡಿ ಅವಳಿಗೆ ಚಟ ಹತ್ತಿಬಿಟ್ಟಿದೆ. ಬಕೆಟ್ಟು, ಕುಂಬಳಕಾಯಿ, ಕಂಡವರ ಮನೆಯ ಬಾಗಿಲು, ಯಾವುದನ್ನೂ ತಟ್ಟದೆ ಬಿಡುವವಳಲ್ಲ. ತಮ್ಮನ ಮದುವೆ ಮಾತುಕತೆಗೆ ಹೋದಾಗ ಬೀಗರು ಕೊಟ್ಟ ಕಪ್ಪನ್ನೇ ತಟ್ಟಿ ನೋಡಿ ಪಕ್ಕಕ್ಕಿಟ್ಟವಳು ಅವಳು. ಆ ಮದುವೆ ನಡೆದದ್ದೇ ಹೆಚ್ಚು.

ಈಚೆಗೆ ಕಾರ್ಖಾನೆ ಊರಾಚೆಯ ಗುಡ್ಡದ ಮೇಲಕ್ಕೆ ಹೋಗಿದೆ. ಬಸ್ಸು ಗುಡ್ಡದ ಬುಡದಲ್ಲಿ ಇಳಿಸಿ ಕೈತೊಳೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಜಲ್ಲಿ ಕಿತ್ತ ಏರು. ದಪ್ಪ ಟೈರಿನ ಗೇರ್ ಸೈಕಲ್ ಒಂದನ್ನು ಕೊಳ್ಳಬೇಕೆಂದುಕೊಂಡಳು. ಮಂಡಿನೋವಿನ ಈಜು ಮೇಷ್ಟ್ರೊಬ್ಬರು ತಮ್ಮ ಹಳೆಯದನ್ನು ಮಾರುತ್ತಿರುವ ಸುದ್ದಿಯನ್ನು ಅವಳ ತಮ್ಮ ತಂದ.

ಆದರೆ ಅವಳನ್ನು ಒಳಗೊಳಗೇ ಕೊರೆಯುತ್ತಿದ್ದ ಚಿಂತೆ ಬೇರೆ. ಹಿಂದಿನ ತಿಂಗಳು, ಅವಳು ಪಾಸು ಮಾಡಿದ ಕಪ್ಪೊಂದು ಬಿರುಕು ಬಿಟ್ಟಿದೆಯೆಂದು ಅಂಗಡಿಯಿಂದ ವಾಪಸ್ಸು ಬಂದಿತ್ತು. ಸೂಪರ್‌ವೈಸರ್ ಬೈಯಲಿಲ್ಲ. "ಒಂದ್ಸಲ ಕಿವಿ ತೋರಿಸ್ಕೊಂಡು ಬಂದ್ಬಿಡಿ, ವಯಸ್ಸಾಗ್ತಾ ಬಂತಲ್ಲ" ಎಂದರು, ಅಷ್ಟೇ. ಬೈದಿದ್ದರೇ ವಾಸಿಯಿತ್ತು. ಅಂದಿನಿಂದ ಒಂದೊಂದು ಕಪ್ಪನ್ನೂ ಎರಡೆರಡು ಸಲ, ಮೂರು ಮೂರು ಸಲ ತಟ್ಟುತ್ತಾಳೆ. ಕಿವಿ ಹೋದರೆ ಆ ಮೇಜು ಹೋಯಿತು. ಮೇಜೇ ಹೋದಮೇಲೆ ಗುಡ್ಡ ಹತ್ತುವ ಸೈಕಲ್ ತಗೊಂಡು ಏನು ಮಾಡುವುದು? ಡಾಕ್ಟರ ಹತ್ತಿರ ಹೋಗಲು ಭಯ. ತಮ್ಮನ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಭಾನುವಾರ ಅಕ್ಕ ತಮ್ಮ ಇಬ್ಬರೂ ಮೇಷ್ಟ್ರ ಮನೆಗೆ ಹೋದರು. ಸೈಕಲ್ ಮೆಟ್ಟಿಲ ಕೆಳಗೆ ಗೋಡೆಗೊರಗಿ ನಿಂತಿತ್ತು. ನೀಲಿ ಬಣ್ಣ ಅಲ್ಲಲ್ಲಿ ಎದ್ದಿತ್ತು. ಬ್ರೇಕಿನ ರಬ್ಬರ್ ಸವೆದಿತ್ತು, ಚೈನಿಗೆ ಎಣ್ಣೆ ಬೇಕಿತ್ತು. ತಮ್ಮ ಹಿಂದಿನ ಚಕ್ರ ಎತ್ತಿ ಪೆಡಲ್ ತಿರುಗಿಸಿ ಗೇರುಗಳನ್ನೆಲ್ಲ ಹಾಕಿ ತೆಗೆದ.

"ಅದೆಲ್ಲ ಸಣ್ಣಪುಟ್ಟದ್ದು ಕಣಕ್ಕಾ, ಮಾಡಿಸ್ಕೋಬಹುದು. ಗಾಡಿ ಗಟ್ಟಿಯಾಗಿದೆ" ಎಂದ.

ಟಣ್ಣಕ್ಕ ಚೀಲದಿಂದ ತನ್ನ ಕಡ್ಡಿ ತೆಗೆದಳು. ಮೇಷ್ಟ್ರು ಹುಬ್ಬೇರಿಸಿದರು, ತಮ್ಮ ಬೇರೆ ಕಡೆ ನೋಡಿದ. ಫ್ರೇಮಿನ ಮೇಲಿನ ಕೊಳವೆ ಟಣ್ ಎಂದಿತು. ಇಳಿಜಾರು ಕೊಳವೆಯೂ ಟಣ್. ಸೀಟಿನ ಕೆಳಗಿನ ಕೊಳವೆ ಮಾತ್ರ ಡಬ್ ಎಂದಿತು. ಮತ್ತೆ ತಟ್ಟಿದಳು, ಮತ್ತೆ ಡಬ್.

"ಇಲ್ಲೆಲ್ಲೋ ಬಿರುಕಿದೆ."

ತಮ್ಮ ಬೆರಳ ಗೆಣ್ಣಿನಿಂದ ಕುಟ್ಟಿದ. "ಎಲ್ಲಾ ಒಂದೇ ಥರ ಕೇಳ್ತಿದೆಯಲ್ಲಕ್ಕಾ."

ಮೇಷ್ಟ್ರೂ ಕುಟ್ಟಿದರು. "ನಂಗೂ ಹಾಗೇ ಕೇಳ್ತಿದೆಯಮ್ಮ. ಈ ಗಾಡಿ ಒಂದು ದಿನಾನೂ ಬಿದ್ದಿಲ್ಲ."

ಇಬ್ಬರಿಗೆ ಕೇಳದ್ದು ತನಗೊಬ್ಬಳಿಗೇ ಕೇಳುವುದೆಂದರೆ, ಕೆಟ್ಟಿರುವುದು ಸೈಕಲ್ ಅಲ್ಲ. ಕಡ್ಡಿಯನ್ನು ಚೀಲಕ್ಕೆ ಹಾಕಿಕೊಂಡಳು.

"ಬೇಡ ಬಿಡಿ ಮೇಷ್ಟ್ರೇ. ನಿಮ್ಮ ಗಾಡಿ ಚೆನ್ನಾಗೇ ಇದೆ. ಹೋಗಿರೋದು ನನ್ನ ಕಿವಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಈಜು ಕಲಿಯಲು ಬಂದವರ ಅಳು ಕಂಡು ಪಳಗಿದ ಮೇಷ್ಟ್ರು ಗಾಬರಿಯಾಗಲಿಲ್ಲ. "ಬಂದಿದ್ದೀರಲ್ಲ, ಒಂದು ಸುತ್ತು ಹೊಡ್ದು ಹೋಗಿ" ಎಂದು ಅವಳ ಎತ್ತರಕ್ಕೆ ಸೀಟು ಇಳಿಸಲು ಕೂತರು. ತಿರುಪು ಸಡಿಲಿಸಿ ಒತ್ತಿದರೆ ಸೀಟು ಇಳಿಯಲೊಲ್ಲದು. ತಮ್ಮನೂ ಮೈಭಾರ ಬಿಟ್ಟು ಒತ್ತಿದ. ಕೊನೆಗೆ ಸೀಟನ್ನು ಕಂಬದ ಸಮೇತ ಎಳೆದು ತೆಗೆದು ಮೇಷ್ಟ್ರು ಕೊಳವೆಯೊಳಗೆ ಇಣುಕಿದರು.

"ಅಯ್ಯೋ ನನ್ನ ಮರೆವೇ" ಎಂದರು. "ಮಳೆನೀರು ಒಳಗಿಳೀಬಾರ್ದು ಅಂತ ಯಾವ ಕಾಲದಲ್ಲೋ ನಾನೇ ತುರುಕಿದ್ದೆ."

ಕೊಕ್ಕೆ ಮಾಡಿ ಇಳಿಬಿಟ್ಟ ತಂತಿಗೆ ಸಿಕ್ಕಿ ಮೊಳದುದ್ದದ ಹಸಿರು ಟವೆಲಿನ ಹರಕೊಂದು ಈಚೆ ಬಂತು. ಟಣ್ಣಕ್ಕ ಅವಸರದಲ್ಲಿ ಕಡ್ಡಿಗಾಗಿ ಚೀಲವನ್ನೆಲ್ಲ ತಡಕಿದಳು. ಅದೇ ಜಾಗಕ್ಕೆ ತಟ್ಟಿದಳು.

ಟಣ್.

ಅವಳಿಗೆ ಹೋದ ಜೀವ ಬಂದಂತಾಯಿತು. ಮೆಟ್ಟಿಲ ಮೇಲೆ ಕೂತು ನಗತೊಡಗಿದಳು. ಕಣ್ಣಲ್ಲಿ ನೀರೂ ಬರುತ್ತಿತ್ತು, ಅದನ್ನು ಒರೆಸಿಕೊಳ್ಳುವ ಗೊಡವೆಗೂ ಹೋಗಲಿಲ್ಲ. ವಾಪಸ್ಸು ಬಂದ ಕಪ್ಪಿನ ಕಥೆಯನ್ನು ಆಗಲೇ ತಮ್ಮನಿಗೆ ಹೇಳಿದ್ದು.

"ದಾರೀಲಿ ಲಾರಿಯವ್ರು ಎತ್ತಿ ಹಾಕಿರ್ತಾರೆ ಕಣಕ್ಕಾ. ಇಷ್ಟು ದಿನ ಒಬ್ಳೇ ಒದ್ದಾಡ್ತಿದ್ಯಾ?"

"ಹೂಂ ಕಣೋ. ಇನ್ನಿಲ್ಲ ಬಿಡು."

ಚೌಕಾಸಿ ಮಾಡಬೇಕೆಂದು ದಾರಿಯುದ್ದಕ್ಕೂ ತಮ್ಮ ಹೇಳಿಕೊಟ್ಟ ಮಾತೊಂದೂ ಅವಳಿಗೆ ನೆನಪಾಗಲಿಲ್ಲ. ಮೇಷ್ಟ್ರು ಹೇಳಿದಷ್ಟನ್ನೇ ಕೊಟ್ಟಳು. ತಮ್ಮ ಮುಖ ಹುಳ್ಳಗೆ ಮಾಡಿಕೊಂಡ. ಆ ಟವೆಲಿನ ಹರಕನ್ನೂ ಕೇಳಿ ಪಡೆದು, ಮಡಿಸಿ ಚೀಲದಲ್ಲಿಟ್ಟುಕೊಂಡಳು.

ಮರುದಿನ ಬೆಳಿಗ್ಗೆ ಗುಡ್ಡ ಹತ್ತಿದಳು. ಅರ್ಧ ಏರನ್ನು ತುಳಿದುಕೊಂಡು, ಉಳಿದರ್ಧ ಸೈಕಲನ್ನೇ ತಳ್ಳಿಕೊಂಡು. ಆದರೆ ಅವಳು ಇದನ್ನು ಯಾರ ಮುಂದೆಯೂ ಒಪ್ಪುವುದಿಲ್ಲ. ಏದುಸಿರು ಬಿಡುತ್ತಲೇ ಮೇಜಿನ ಮುಂದೆ ಕೂತು ಮೊದಲ ಕಪ್ಪನ್ನು ತಟ್ಟಿದಳು. ಹೊಳೆಯುವ ಬಿಳಿ ಕಪ್, ಎತ್ತ ತಿರುಗಿಸಿದರೂ ಒಂದು ಗೆರೆಯೂ ಕಾಣದು. ಡಬ್ ಎಂದಿತು. ಇನ್ನೊಂದು ಸಲ ತಟ್ಟದೆ ಅದನ್ನು ಎಡಗಡೆಯ ಬುಟ್ಟಿಗೆ ಹಾಕಿ, ಮುಂದಿನದಕ್ಕೆ ಕೈ ಚಾಚಿದಳು.